ನುಂಗಿದ್ದೆಷ್ಟು, ರಕ್ತಕ್ಕೆ ಸೇರಿದ್ದೆಷ್ಟು?

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತೊಂದಿದೆ. "ಸರ್, ಆ ಕಂಪನೀದು ಸ್ಟಾಕ್ ಇಲ್ಲ. ಇದೂ ಅದೇನೇ, ಕಂಪನಿ ಬೇರೆ ಅಷ್ಟೆ. ಕೊಡ್ಲಾ?" ನಾವು ಸ್ಟ್ರಿಪ್ ತಿರುಗಿಸಿ ನೋಡ್ತೀವಿ. ಬ್ರ್ಯಾಂಡ್ ಬೇರೆ, ಬಣ್ಣ ಬೇರೆ, ಬೆಲೆ ಬೇರೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಅದೇ, ಮಿಲಿಗ್ರಾಂ ಅದೇ. "ಸರಿ ಕೊಡಿ" ಅಂತ ಕ್ಯೂಆರ್ ಸ್ಕ್ಯಾನ್ ಮಾಡಿ ಹೊರಟುಬಿಡ್ತೀವಿ.

ಈ "ಅದೇನೇ" ಅನ್ನೋ ಮಾತು ಇದೆಯಲ್ಲ, ಅದು ನಿಜವೋ ಸುಳ್ಳೋ ಅಂತ ಸ್ಟ್ರಿಪ್ ನೋಡಿ ಹೇಳೋಕೆ ಆಗಲ್ಲ. ಮಾತ್ರೆಯನ್ನು ಪುಡಿ ಮಾಡಿ ಅಳೆದರೂ ಪೂರ್ತಿ ಗೊತ್ತಾಗಲ್ಲ. ಗೊತ್ತಾಗೋದು ಒಂದೇ ಕಡೆ, ಅದನ್ನು ನುಂಗಿದವರ ರಕ್ತದಲ್ಲಿ. ಈ ಸರಳ ವಿಷಯ ವೈದ್ಯಲೋಕಕ್ಕೆ ಮನವರಿಕೆಯಾಗಲು ಒಂದಿಷ್ಟು ಜನ ತೂರಾಡಿ ಬೀಳಬೇಕಾಯಿತು.

ಅದು ನಡೆದದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, 1968ರ ಆಸುಪಾಸು. ಮೂರ್ಛೆರೋಗಕ್ಕೆ ಫೆನಿಟೋಯಿನ್ ತಗೊಳ್ಳುತ್ತಿದ್ದ ರೋಗಿಗಳು ಒಬ್ಬೊಬ್ಬರಾಗಿ ಆಸ್ಪತ್ರೆಗೆ ಬರತೊಡಗಿದರು. ನಡೆದರೆ ತೂರಾಟ, ಒಂದು ವಸ್ತು ಎರಡಾಗಿ ಕಾಣೋದು, ವಾಂತಿ. ಎಲ್ಲವೂ ಫೆನಿಟೋಯಿನ್ ಹೆಚ್ಚಾದಾಗ ಬರುವ ಲಕ್ಷಣಗಳೇ. ಆದರೆ ಡಾಕ್ಟರು ಡೋಸ್ ಹೆಚ್ಚಿಸಿರಲಿಲ್ಲ, ರೋಗಿಗಳೂ ಲೆಕ್ಕ ತಪ್ಪಿ ನುಂಗಿರಲಿಲ್ಲ. ವರ್ಷಗಳಿಂದ ತಗೊಳ್ಳುತ್ತಿದ್ದ ಕ್ಯಾಪ್ಸೂಲ್ ಅದು. ಅದೇ ಕಂಪನಿ, ಅದೇ ಹೆಸರು, ಅದೇ ಮಿಲಿಗ್ರಾಂ. ರಕ್ತ ತೆಗೆದು ನೋಡಿದರೆ ಬಹುತೇಕರಲ್ಲಿ ಔಷಧಿಯ ಮಟ್ಟ ಇರಬೇಕಾದ್ದಕ್ಕಿಂತ ಮೇಲೆ.

ಬದಲಾಗಿದ್ದು ಔಷಧಿಯಲ್ಲ, ಅದರ ಜೊತೆಗಾರ. ಕ್ಯಾಪ್ಸೂಲ್ ತುಂಬಿಸೋಕೆ ಔಷಧಿಯ ಜೊತೆ ಏನಾದರೂ ನಿರುಪದ್ರವಿ ಪುಡಿ ಸೇರಿಸಬೇಕಾಗುತ್ತೆ. ಮೊದಲು ಕ್ಯಾಲ್ಸಿಯಂ ಸಲ್ಫೇಟ್ ಹಾಕ್ತಿದ್ದರು. ತಯಾರಕರು ಅದನ್ನು ಬಿಟ್ಟು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಹಾಕಿದರು. ಎರಡೂ ತಮ್ಮಷ್ಟಕ್ಕೆ ತಾವು ಮೈಗೆ ಏನೂ ಮಾಡುವಂಥವಲ್ಲ. ಆದರೆ ಕ್ಯಾಲ್ಸಿಯಂ ಸಲ್ಫೇಟ್ ಜೊತೆಗಿದ್ದಾಗ ಫೆನಿಟೋಯಿನ್‌ನ ಒಂದು ಪಾಲು ಕರುಳಿನಲ್ಲಿ ಹೀರದೆ ಹಾಗೇ ಹೊರಗೆ ಹೋಗ್ತಿತ್ತು. ಲ್ಯಾಕ್ಟೋಸ್ ಬಂದಮೇಲೆ ಆ ಪಾಲೂ ರಕ್ತಕ್ಕೆ ಇಳಿಯಿತು.

"ಸ್ವಲ್ಪ ಜಾಸ್ತಿ ಇಳಿದರೆ ಅಷ್ಟೊಂದು ಅವಾಂತರವೇ?" ಅಂತ ಕೇಳಬಹುದು. ಫೆನಿಟೋಯಿನ್ ವಿಷಯದಲ್ಲಿ ಹೌದು. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಿಸಿಕೊಳ್ಳಿ. ಒಂದು ಮಟ್ಟದವರೆಗೆ ಎಷ್ಟು ಗಾಡಿ ಬಂದರೂ ಹೋಗ್ತಾ ಇರ್ತವೆ. ಆ ಮಟ್ಟ ದಾಟಿ ಹತ್ತು ಗಾಡಿ ಹೆಚ್ಚು ಬಂದರೆ ಸಾಲು ಹತ್ತು ಗಾಡಿಯಷ್ಟು ಉದ್ದವಾಗಲ್ಲ, ಕಿಲೋಮೀಟರಿಗಟ್ಟಲೆ ಬೆಳೆಯುತ್ತೆ. ಫೆನಿಟೋಯಿನನ್ನು ಒಡೆದು ಹೊರಹಾಕುವ ಲಿವರಿನ ಕಿಣ್ವಗಳೂ ಹೀಗೇ. ಅವುಗಳ ಶಕ್ತಿ ಮುಗಿದ ಮೇಲೆ ಡೋಸ್ ಚೂರು ಏರಿದರೂ ರಕ್ತದ ಮಟ್ಟ ಜಿಗಿಯುತ್ತೆ. ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಔಷಧಿ. 30 ದಾಟಿದರೆ ನಡೆಯೋಕೆ ಗೋಡೆ ಹಿಡಿಯಬೇಕು.

ಬ್ರಿಸ್ಬೇನ್‌ನ ವೈದ್ಯರು ಇದನ್ನು 1970ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮರುವರ್ಷವೇ ನ್ಯೂಯಾರ್ಕಿನಿಂದ ಇನ್ನೊಂದು ಸುದ್ದಿ. ಜಾನ್ ಲಿಂಡೆನ್‌ಬಾಮ್ ಮತ್ತು ಸಂಗಡಿಗರು ಹೃದಯದ ಔಷಧಿ ಡಿಗಾಕ್ಸಿನ್‌ನ ನಾಲ್ಕು ಬಗೆಯ ಮಾತ್ರೆಗಳನ್ನು ಆರೋಗ್ಯವಂತರಿಗೆ ಕೊಟ್ಟು ರಕ್ತ ಅಳೆದರು. ಲೇಬಲ್ ಮೇಲೆ ಎಲ್ಲವೂ ಒಂದೇ. ರಕ್ತದಲ್ಲಿ ವ್ಯತ್ಯಾಸ ಏಳು ಪಟ್ಟಿನವರೆಗೆ! ಡಿಗಾಕ್ಸಿನ್ ಕಡಿಮೆಯಾದರೆ ಹೃದಯಕ್ಕೆ ಉಪಯೋಗವಿಲ್ಲ, ಹೆಚ್ಚಾದರೆ ಹೃದಯದ ಲಯವೇ ತಪ್ಪುತ್ತೆ. ಏಳು ಪಟ್ಟು ಅಂದರೆ ಏನಂತ ನೀವೇ ಯೋಚಿಸಿ.

ಅಂದಹಾಗೆ, ಡಿಗಾಕ್ಸಿನ್ ಮಾತ್ರೆಯ ಗುಟ್ಟು ಬಯಲಾದದ್ದು ಪ್ರತಿಕಾಯಗಳನ್ನು ಬಳಸುವ ರೇಡಿಯೋ ಇಮ್ಯುನೋಅಸ್ಸೇ ಎಂಬ ವಿಧಾನದಿಂದ, ಕ್ರೊಮ್ಯಾಟೋಗ್ರಫಿಯಿಂದಲ್ಲ. ಆದರೆ ಆ ವಿಧಾನದಲ್ಲಿ ಪ್ರತಿಯೊಂದು ಔಷಧಿಗೂ ಪ್ರತ್ಯೇಕ ಪ್ರತಿಕಾಯ ತಯಾರಿಸಬೇಕು, ವರ್ಷಗಳ ಕೆಲಸ. ಸಾವಿರಾರು ಔಷಧಿಗಳಿರುವ ಜಗತ್ತಿಗೆ ಬೇಕಾಗಿದ್ದದ್ದು ಯಾವ ಔಷಧಿ ಕೊಟ್ಟರೂ ಬೇರ್ಪಡಿಸಿ ಅಳೆದುಕೊಡುವ ಒಂದು ಯಂತ್ರ. ಆ ಯಂತ್ರ ಎರಡು ಬೇರೆ ಬೇರೆ ಕತೆಗಳು ಸೇರಿ ಹುಟ್ಟಿದ್ದು.

ಮೊದಲನೇ ಕತೆ ಮಲೇರಿಯಾದ್ದು. 1942ರ ಮಾರ್ಚ್‌ನಲ್ಲಿ ಜಾವಾ ದ್ವೀಪ ಜಪಾನಿನ ವಶವಾಯಿತು. ಜಗತ್ತಿನ ಕ್ವಿನೈನ್‌ನ ಬಹುಪಾಲು ಬರುತ್ತಿದ್ದದ್ದು ಅಲ್ಲಿಂದಲೇ. ಪೆಸಿಫಿಕ್ ಕಾಡುಗಳಲ್ಲಿ ಕಾದಾಡುತ್ತಿದ್ದ ಅಮೆರಿಕನ್ ಸೈನಿಕರಿಗೆ ಉಳಿದದ್ದು ಜರ್ಮನರು ಕಂಡುಹಿಡಿದಿದ್ದ ಅಟಾಬ್ರಿನ್ ಎಂಬ ಹಳದಿ ಮಾತ್ರೆ. ನುಂಗಿದರೆ ಚರ್ಮ ಹಳದಿ, ಹೊಟ್ಟೆ ತೊಳಸು, ತಲೆನೋವು. ಗಂಡಸುತನ ಹೋಗುತ್ತೆ ಅಂತ ಗಾಳಿಸುದ್ದಿ ಬೇರೆ. ಸೈನಿಕರು ಉಗಿದುಬಿಡ್ತಿದ್ದರು. ಅದಕ್ಕಿಂತ ದೊಡ್ಡ ತಲೆನೋವು ಅಂದರೆ, ಜ್ವರ ಬಂದವನಿಗೆ ಕೊಟ್ಟರೆ ಅದು ಕೆಲಸ ಶುರು ಮಾಡೋದೇ ತಡವಾಗಿ.

ನ್ಯೂಯಾರ್ಕಿನ ಈಸ್ಟ್ ನದಿಯ ನಡುವಿನ ದ್ವೀಪದಲ್ಲಿ ಗೋಲ್ಡ್‌ವಾಟರ್ ಮೆಮೋರಿಯಲ್ ಆಸ್ಪತ್ರೆ ಇತ್ತು. ಅಲ್ಲಿ ಜೇಮ್ಸ್ ಶಾನನ್ ಎಂಬ ವೈದ್ಯ ಒಂದು ತಂಡ ಕಟ್ಟಿದರು. ಎಷ್ಟು ಮಾತ್ರೆ ಕೊಟ್ಟೆವು ಅನ್ನೋದನ್ನು ಬಿಡಿ, ರಕ್ತದ ಪ್ಲಾಸ್ಮಾದಲ್ಲಿ ಎಷ್ಟಿದೆ ನೋಡೋಣ ಅನ್ನೋದು ಅವರ ಹಟ. ಪ್ಲಾಸ್ಮಾ ಅಂದರೆ ರಕ್ತಕಣಗಳನ್ನೆಲ್ಲ ತೆಗೆದಮೇಲೆ ಉಳಿಯುವ ಒಣಹುಲ್ಲಿನ ಬಣ್ಣದ ನೀರು. ತಂಡದ ರಸಾಯನಜ್ಞರಾದ ಬರ್ನಾರ್ಡ್ ಬ್ರೋಡಿ ಮತ್ತು ಸಿಡ್ನಿ ಯುಡೆನ್‌ಫ್ರೆಂಡ್, ಅಟಾಬ್ರಿನ್ ಬೆಳಕು ಬಿದ್ದಾಗ ಹೊಳೆಯುವ ಗುಣವನ್ನೇ ಹಿಡಿದು ಅದನ್ನು ಅಳೆಯುವ ವಿಧಾನ ಮಾಡಿದರು. ಆಗ ವಿಷಯ ಗೊತ್ತಾಯಿತು. ನುಂಗಿದ ಅಟಾಬ್ರಿನ್ ರಕ್ತದಲ್ಲಿ ಉಳಿಯದೆ ಲಿವರ್, ಸ್ನಾಯುಗಳಲ್ಲಿ ಹೋಗಿ ಕೂರುತ್ತೆ. ಆ ಜಾಗಗಳು ತುಂಬುವವರೆಗೆ ಪ್ಲಾಸ್ಮಾಕ್ಕೆ ಸಿಗೋದು ಚೂರುಪಾರು. ಹಾಗಾದರೆ ಮೊದಲು ಒಮ್ಮೆಗೇ ಜಾಸ್ತಿ ಕೊಟ್ಟು ಆ ಜಾಗ ತುಂಬಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಕೊಡಿ. ಹೊಸ ಔಷಧಿ ಏನೂ ಬೇಕಾಗಲಿಲ್ಲ, ಇದ್ದ ಔಷಧಿಯೇ ಕೆಲಸ ಮಾಡತೊಡಗಿತು. ಇವತ್ತು ಡಾಕ್ಟರು "ಲೋಡಿಂಗ್ ಡೋಸ್" ಅಂತ ಬರೆಯುವಾಗ ಹಿಂದಿರೋದು ಇದೇ ಯೋಚನೆ.

ಯುದ್ಧ ಮುಗಿದ ಮೇಲೆ ಬ್ರೋಡಿ ಜೊತೆ ಜೂಲಿಯಸ್ ಆಕ್ಸೆಲ್‌ರಾಡ್ ಸೇರಿಕೊಂಡರು. ಆಗ ಅವರಿಗೆ ಪಿಎಚ್‌ಡಿಯೂ ಇರಲಿಲ್ಲ. (ನೊಬೆಲ್ ಬಂತು, 1970ರಲ್ಲಿ, ಬೇರೆ ಕೆಲಸಕ್ಕೆ.) ಇಬ್ಬರಿಗೂ ಸಿಕ್ಕ ಪ್ರಶ್ನೆ: ಅಸಿಟನಿಲೈಡ್ ಅನ್ನೋ ಹಳೇ ನೋವಿನ ಔಷಧಿ ಕೆಲವರ ಮೈಯನ್ನು ಯಾಕೆ ನೀಲಿಗಟ್ಟಿಸುತ್ತೆ? ರಕ್ತ, ಮೂತ್ರ ಅಳೆದು ನೋಡಿದರೆ ಅಸಿಟನಿಲೈಡ್ ಒಳಗೆ ಹೋಗಿ ಎರಡು ದಾರಿ ಹಿಡೀತಿದೆ. ಒಂದು ಚೂರು ಅನಿಲೀನ್ ಆಗುತ್ತೆ, ಮೈ ನೀಲಿಗಟ್ಟಿಸೋ ಖಳನಾಯಕ ಅದೇ. ಬಹುಪಾಲು ಇನ್ನೊಂದು ವಸ್ತುವಾಗುತ್ತೆ, ನೋವು ಕಡಿಮೆ ಮಾಡೋದು ಆ ವಸ್ತು. ಹಾಗಿದ್ದರೆ ಅದನ್ನೇ ನೇರ ಕೊಡಬಹುದಲ್ಲ ಅಂತ 1948ರಲ್ಲಿ ಅವರು ಬರೆದರು. ಆ ವಸ್ತುವಿನ ಹೆಸರು ಪ್ಯಾರಾಸಿಟಮಾಲ್. ಕೋವಿಡ್ ಕಾಲದಲ್ಲಿ ನಾವೆಲ್ಲ ಪೆಪ್ಪರ್‌ಮಿಂಟಿನಂತೆ ನುಂಗಿದ ಡೋಲೋ 650 ಅದೇ, ಅದರ ಕಂಪನಿ ಮೈಕ್ರೋ ಲ್ಯಾಬ್ಸ್ ಕೂಡ ನಮ್ಮ ಬೆಂಗಳೂರಿನದೇ.

ಆದರೆ ಇಲ್ಲೇ ಒಂದು ತೊಡಕು ನೋಡಿ. ಔಷಧಿ ಮೈಯೊಳಗೆ ಹೋದಮೇಲೆ ಒಂದಾಗಿ ಉಳಿಯಲ್ಲ. ಅಪ್ಪ, ಮಗ, ಮೊಮ್ಮಗ ಎಲ್ಲರೂ ಒಂದೇ ಪ್ಲಾಸ್ಮಾದಲ್ಲಿ ಓಡಾಡ್ತಿರ್ತಾರೆ, ಮುಖವೂ ಹೆಚ್ಚುಕಡಿಮೆ ಒಂದೇ. ಬಣ್ಣ ಬರಿಸಿ ಅಥವಾ ಹೊಳಪು ನೋಡಿ ಅಳೆದರೆ ಮಗನನ್ನೂ ಅಪ್ಪನ ಲೆಕ್ಕಕ್ಕೆ ಸೇರಿಸಿಬಿಡ್ತೀವಿ. ಅಳೆಯೋಕೆ ಮುಂಚೆ ಒಬ್ಬೊಬ್ಬರನ್ನೇ ಬೇರೆ ಮಾಡಿ ನಿಲ್ಲಿಸಬೇಕು. ಎರಡನೇ ಕತೆ ಈ ಬೇರೆ ಮಾಡೋ ವಿದ್ಯೆಯದ್ದು. ಅದು ಹುಟ್ಟಿದ್ದು ಗಿಡದ ಎಲೆಯಲ್ಲಿ.

ಮಿಖಾಯಿಲ್ ತ್ಸ್ವೆತ್ ರಷ್ಯನ್ ಸಸ್ಯವಿಜ್ಞಾನಿ, ಹುಟ್ಟಿದ್ದು ಇಟಲಿಯಲ್ಲಿ, ಕೆಲಸ ವಾರ್ಸಾದಲ್ಲಿ. ಗಾಜಿನ ಕೊಳವೆಯೊಳಗೆ ಸೀಮೆಸುಣ್ಣದ ಪುಡಿ ಒತ್ತಾಗಿ ತುಂಬಿ, ಮೇಲಿನಿಂದ ಎಲೆಯ ರಸ ಸುರಿದು, ಅದರ ಮೇಲೆ ಪೆಟ್ರೋಲಿಯಂ ಈಥರ್‌ನಂಥ ದ್ರಾವಕ ಹರಿಸಿದರು. ಒಂದೇ ಹಸಿರು ಅಂದುಕೊಂಡಿದ್ದದ್ದು ಇಳಿಯುತ್ತ ಇಳಿಯುತ್ತ ಹಸಿರು, ಹಳದಿ ಪಟ್ಟೆಗಳಾಗಿ ಬೇರೆಬೇರೆಯಾಯಿತು. ಸುಣ್ಣಕ್ಕೆ ಹೆಚ್ಚು ಅಂಟಿಕೊಳ್ಳೋದು ಹಿಂದೆ ಉಳಿಯುತ್ತೆ, ದ್ರಾವಕದ ಜೊತೆ ಹೋಗೋಕೆ ಇಷ್ಟಪಡೋದು ಮುಂದೆ ಓಡುತ್ತೆ. ಜಾತ್ರೆಗೆ ಹೋದ ಮನೆಮಂದಿ ಥರ: ಒಬ್ಬರು ಪ್ರತಿ ಅಂಗಡಿ ಮುಂದೂ ನಿಲ್ತಾರೆ, ಇನ್ನೊಬ್ಬರು ಸೀದಾ ತೇರಿನ ಹತ್ತಿರ. 1903ರಲ್ಲಿ ಅವರು ಇದರ ಬಗ್ಗೆ ಮಾತಾಡಿದರು, 1906ರಲ್ಲಿ ಕ್ರೊಮ್ಯಾಟೋಗ್ರಫಿ ಅಂತ ಹೆಸರಿಟ್ಟು ಬರೆದರು. ಗ್ರೀಕಿನಲ್ಲಿ ಬಣ್ಣದ ಬರವಣಿಗೆ ಅಂತ ಅರ್ಥ. ರಷ್ಯನ್ನಿನಲ್ಲಿ ತ್ಸ್ವೆತ್ ಅಂದರೂ ಬಣ್ಣವೇ, ಬೇಕಂತಲೇ ತಮ್ಮ ಹೆಸರನ್ನೇ ತೂರಿಸಿದರೋ ಏನೋ. ಅಂದಿನ ದೊಡ್ಡವರು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ತ್ಸ್ವೆತ್ 1919ರಲ್ಲಿ ತೀರಿಕೊಂಡರು. ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಅವರ ವಿಧಾನಕ್ಕೆ ಮತ್ತೆ ಜೀವ ಬಂದದ್ದು 1931ರಲ್ಲಿ.

ಅಲ್ಲಿಂದ ಮುಂದೆ ಇಂಗ್ಲೆಂಡಿನ ಲೀಡ್ಸ್‌ಗೆ ಬರಬೇಕು. ಉಣ್ಣೆಯ ಸಂಶೋಧನಾ ಸಂಸ್ಥೆಯಲ್ಲಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1941ರಲ್ಲಿ ಎರಡು ದ್ರವಗಳ ನಡುವೆ ಹಂಚಿಕೆಯಾಗುವ ಹೊಸ ಬಗೆಯ ಕ್ರೊಮ್ಯಾಟೋಗ್ರಫಿಯ ಬಗ್ಗೆ ಬರೆದರು. ಅದಕ್ಕೆ 1952ರಲ್ಲಿ ನೊಬೆಲ್ ಬಂತು. ಆ ಲೇಖನದಲ್ಲೇ ಇನ್ನೊಂದು ಮಾತು ಇತ್ತು: ಕೊಳವೆಯ ಪುಡಿ ಆದಷ್ಟೂ ಸಣ್ಣದಾಗಿರಲಿ, ದ್ರವವನ್ನು ಹೆಚ್ಚು ಒತ್ತಡದಲ್ಲಿ ನೂಕಿ, ಬೇರ್ಪಡಿಸೋದು ಇನ್ನೂ ಚೆನ್ನಾಗಿ ಆಗುತ್ತೆ. ಹೇಳೋದು ಸುಲಭ. ಅಷ್ಟು ಒತ್ತಡ ತಡೆಯುವ ಪಂಪು, ಕೊಳವೆ, ಪುಡಿ ಮಾಡೋರು ಯಾರು? ಇಪ್ಪತ್ತೈದು ವರ್ಷ ಆ ಸಾಲು ಹಾಗೇ ಬಿದ್ದಿತ್ತು.

1956ರ ಕ್ರಾಂತಿ ಹತ್ತಿಕ್ಕಲ್ಪಟ್ಟಾಗ ಹಂಗೆರಿ ಬಿಟ್ಟು ಬಂದ ಚಾಬಾ ಹೊರ್ವಾತ್ ಎಂಬ ಎಂಜಿನಿಯರ್ 1960ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇಂಥ ಯಂತ್ರವನ್ನು ಕಟ್ಟಿ ತೋರಿಸಿದರು. ಅವರೇ ಅದನ್ನು ಹೈ ಪ್ರೆಷರ್ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಅಂತ ಕರೆದರು, ಎಚ್‌ಪಿಎಲ್‌ಸಿ. ನಮ್ಮ ಕಾರಿನ ಟೈರಿನಲ್ಲಿ 32 ಪಿಎಸ್‌ಐ ಇದ್ದರೆ ಇಲ್ಲಿ ಸಾವಿರಗಳ ಲೆಕ್ಕ. ಆಮೇಲೆ ಆ "ಪಿ" ಪರ್ಫಾರ್ಮೆನ್ಸ್ ಆಯಿತು. ಬಿಲ್ ನೋಡಿದವರು ಪ್ರೈಸ್ ಅಂತಲೂ ಓದ್ತಾರೆ.

1970ರ ದಶಕದಲ್ಲಿ ಎರಡೂ ಕತೆಗಳು ಒಂದೇ ಟೇಬಲ್ಲಿನ ಮೇಲೆ ಬಂದು ಕೂತವು. ಬ್ರೋಡಿಯ ಪ್ರಶ್ನೆ, ತ್ಸ್ವೆತ್‌ರ ಕೊಳವೆ. ರಕ್ತ ತೆಗೆದು, ಗಿರಗಿರ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿ, ಅಸಿಟೋನೈಟ್ರೈಲ್ ಹಾಕಿದರೆ ಪ್ರೊಟೀನೆಲ್ಲ ಹುಳಿ ಹಿಂಡಿದ ಹಾಲಿನಂತೆ ಒಡೆದು ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನು ಕೊಳವೆಗೆ ಬಿಟ್ಟರೆ ಕೆಲವೇ ನಿಮಿಷದಲ್ಲಿ ಔಷಧಿ ಒಂದು ಕಡೆ, ಅದರ ಮಕ್ಕಳು ಇನ್ನೊಂದು ಕಡೆ, ಪರದೆಯ ಮೇಲೆ ಬೆಟ್ಟಸಾಲಿನಂತೆ. ಜೊತೆಗೆ ಒಂದು ಜಾಣತನ: ಶುರುವಿನಲ್ಲೇ ಪ್ರತಿ ಮಾದರಿಗೂ ಗೊತ್ತಿರುವ ಅಳತೆಯಲ್ಲಿ ಇನ್ನೊಂದು ವಸ್ತು ಬೆರೆಸಿರ್ತಾರೆ. ಕೈಯಿಂದ ಕೈಗೆ ಹೋಗುವಾಗ ಔಷಧಿ ಎಷ್ಟು ಚೆಲ್ಲಿತೋ ಈ ಜೊತೆಗಾರನೂ ಅಷ್ಟೇ ಚೆಲ್ಲಿರ್ತಾನೆ, ಅವನನ್ನು ನೋಡಿ ಲೆಕ್ಕ ಸರಿಮಾಡಬಹುದು. ಮುಂದೆ ಜಾನ್ ಫೆನ್ (2002ರ ನೊಬೆಲ್) ಎಲೆಕ್ಟ್ರೋಸ್ಪ್ರೇ ವಿಧಾನದಿಂದ ಮಾಸ್ ಸ್ಪೆಕ್ಟ್ರೋಮೀಟರನ್ನು ಈ ಕೊಳವೆಯ ಬಾಲಕ್ಕೆ ಗಂಟುಹಾಕುವ ದಾರಿ ಮಾಡಿಕೊಟ್ಟ ಮೇಲೆ, ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ ಇದ್ದರೂ ಸಿಕ್ಕಿಬೀಳತೊಡಗಿತು. ಅಂದರೆ ಮೈಯಲ್ಲಿರೋ ಸುಮಾರು ಮೂರು ಲೀಟರ್ ಪ್ಲಾಸ್ಮಾ ಪೂರ್ತಿ ಸೋಸಿದರೂ ಸಿಗುವ ಔಷಧಿ ಒಂದು ಉಪ್ಪಿನ ಹರಳಿಗಿಂತ ಹಗುರ.

ಇಷ್ಟಾದ ಮೇಲೆ "ಅದೇನೇ" ಅನ್ನೋದಕ್ಕೆ ಒಂದು ಲೆಕ್ಕ ಸಿಕ್ಕಿತು. ಅಮೆರಿಕದ ಎಫ್‌ಡಿಎ 1977ರಲ್ಲಿ ಬಯೋಈಕ್ವಿವಲೆನ್ಸ್ ನಿಯಮ ತಂದಿತು. 1984ರ ಕಾನೂನಿನ ಮೇಲೆ ಜೆನೆರಿಕ್ ಕಂಪನಿಗಳು ಇಡೀ ಕ್ಲಿನಿಕಲ್ ಟ್ರಯಲ್ ಮತ್ತೆ ಮಾಡಬೇಕಿಲ್ಲ, ಮೂಲ ಔಷಧಿಯಷ್ಟೇ ತಮ್ಮದೂ ರಕ್ತಕ್ಕೆ ಸೇರುತ್ತೆ ಅಂತ ತೋರಿಸಿದರೆ ಸಾಕು ಅಂತಾಯಿತು. ನಮ್ಮ ದೇಶದ ಔಷಧಿ ಉದ್ಯಮ ಜಗತ್ತಿಗೆಲ್ಲ ಮಾತ್ರೆ ಮಾರುವ ಮಟ್ಟಕ್ಕೆ ಬೆಳೆದದ್ದರಲ್ಲಿ ಈ ಬಾಗಿಲಿನ ಪಾಲು ದೊಡ್ಡದು.

ಈ ಪರೀಕ್ಷೆ ನಡೆಯೋದು ಹೀಗೆ. ಒಂದಿಪ್ಪತ್ತು-ಮೂವತ್ತು ಆರೋಗ್ಯವಂತ ವಾಲಂಟಿಯರ್‌ಗಳನ್ನು ಒಂದು ವಾರ್ಡಿನಲ್ಲಿ ಮಲಗಿಸ್ತಾರೆ. ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಆಮೇಲೆ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಅಂತ ಹೊತ್ತು ನೋಡಿ ರಕ್ತ ತೆಗೀತಾರೆ, ಹದಿನೈದಿಪ್ಪತ್ತು ಸಲ. ಕೆಲವು ದಿನ ಬಿಟ್ಟು ಅದೇ ಜನರಿಗೆ ಇನ್ನೊಂದು ಕಂಪನಿಯ ಮಾತ್ರೆ, ಮತ್ತೆ ಅಷ್ಟೇ ರಕ್ತ. ದುಡ್ಡು ಕೊಡ್ತಾರೆ, ಹೌದು. ದುಡ್ಡಿನ ಅಗತ್ಯ ಇರೋರೇ ಬರೋದು ಅನ್ನೋದೂ ಹೌದು. ಪ್ಲಾಸ್ಮಾ ಫ್ರೀಜರಿಗೆ, ಅಲ್ಲಿಂದ ಯಂತ್ರಕ್ಕೆ. ಎರಡು ಗ್ರಾಫ್ ಬರುತ್ತೆ. ಎತ್ತರ ಎಷ್ಟು ಹೋಯಿತು, ಒಟ್ಟು ಎಷ್ಟು ಸೇರಿತು, ಇವೆರಡನ್ನೂ ಹೋಲಿಸ್ತಾರೆ. ಅನುಪಾತ 80ರಿಂದ 125 ಪರ್ಸೆಂಟಿನೊಳಗೆ ಇರಬೇಕು.

ಈ 80-125 ನೋಡಿ "ಜೆನೆರಿಕ್‌ನಲ್ಲಿ ಔಷಧಿ 20 ಪರ್ಸೆಂಟ್ ಕಡಿಮೆ ಇದ್ರೂ ನಡೆಯುತ್ತಂತೆ" ಅಂತ ಫಾರ್ವರ್ಡ್ ಮಾಡೋರಿದ್ದಾರೆ. ಹಾಗಲ್ಲ. ಆ ಬೇಲಿಯೊಳಗೆ ಇರಬೇಕಾದ್ದು ಬರೀ ಸರಾಸರಿಯಲ್ಲ, ಸರಾಸರಿಯ ಆಚೀಚೆ ಇರುವ 90 ಪರ್ಸೆಂಟ್ ಅನುಮಾನದ ಅಂಚೂ ಪೂರ್ತಿ ಒಳಗಿರಬೇಕು. ನಿಜವಾಗಿಯೂ 20 ಪರ್ಸೆಂಟ್ ಕಮ್ಮಿ ಇರೋ ಮಾತ್ರೆ ಇದರಲ್ಲಿ ಪಾಸಾಗೋದು ಬಲು ಕಷ್ಟ. 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಎಫ್‌ಡಿಎಯವರೇ ಒಟ್ಟುಹಾಕಿ ನೋಡಿದಾಗ, ಮೂಲ ಔಷಧಿಗೂ ಜೆನೆರಿಕ್‌ಗೂ ಒಟ್ಟು ಹೀರಿಕೆಯಲ್ಲಿದ್ದ ಸರಾಸರಿ ವ್ಯತ್ಯಾಸ 3.56 ಪರ್ಸೆಂಟ್.

ಭಾರತದಲ್ಲಿ ಮಾತ್ರ ಈ ಬೇಲಿ ಬಹಳ ಕಾಲ ಅರ್ಧಕ್ಕೇ ನಿಂತಿತ್ತು. ಹೊಸ ಔಷಧಿಗೆ ಅನುಮತಿ ಸಿಕ್ಕ ನಾಲ್ಕು ವರ್ಷದೊಳಗೆ ಬರುವ ಕಂಪನಿಗೆ ಮಾತ್ರ ಬಯೋಈಕ್ವಿವಲೆನ್ಸ್ ಬೇಕಿತ್ತು. ಆಮೇಲೆ ಬಂದವರು ರಾಜ್ಯದ ಲೈಸೆನ್ಸ್ ಹಿಡಿದು ಮಾರಬಹುದಿತ್ತು. ನೀರಿನಲ್ಲಿ ಸುಲಭವಾಗಿ ಕರಗದ ಔಷಧಿಗಳಿಗಾದರೂ (ಫೆನಿಟೋಯಿನ್ ಅಂಥದ್ದೇ) ಎಲ್ಲ ಕಂಪನಿಗಳೂ ಪರೀಕ್ಷೆ ಮಾಡಲೇಬೇಕು ಅಂತ ನಿಯಮ ತಿದ್ದಿದ್ದು 2017ರ ಏಪ್ರಿಲ್‌ನಲ್ಲಿ. ಬ್ರಿಸ್ಬೇನ್ ಆಗಿ ಹತ್ತಿರ ಹತ್ತಿರ ಅರ್ಧ ಶತಮಾನ. ಇಷ್ಟು ತಡಕ್ಕೆ ನನಗೆ ಯಾವ ಒಳ್ಳೆ ಕಾರಣವೂ ಕಾಣಲ್ಲ.

ಇನ್ನು ಯಂತ್ರದ ನಂಬಿಕೆ. 1990ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಹತ್ತಿರದ ಕ್ರಿಸ್ಟಲ್ ಸಿಟಿಯಲ್ಲಿ ವಿಜ್ಞಾನಿಗಳು, ಕಂಪನಿಗಳು, ಅಧಿಕಾರಿಗಳು ಕೂತು ಒಂದು ಒಪ್ಪಂದಕ್ಕೆ ಬಂದರು. ಎಫ್‌ಡಿಎಯ ವಿನೋದ್ ಶಾ ಮುಂದಾಳಾಗಿ ಬರೆದ ಅದರ ವರದಿಯೇ ಇವತ್ತಿನ ನಿಯಮಗಳ ತಾಯಿಬೇರು. ಗೊತ್ತಿರುವ ಪ್ರಮಾಣದ ಮಾದರಿಗಳನ್ನು ನಡುನಡುವೆ ಓಡಿಸಬೇಕು, ಉತ್ತರ 15 ಪರ್ಸೆಂಟಿನೊಳಗೆ ಬರಬೇಕು, ಇತ್ಯಾದಿ. ಯಂತ್ರ ಸುಳ್ಳು ಹೇಳಿದರೆ ಈ ನಿಯಮಗಳು ಹಿಡೀತವೆ. ಯಂತ್ರಕ್ಕೆ ಟ್ಯೂಬ್ ಇಡೋರು ಸುಳ್ಳು ಹೇಳಿದರೆ?

ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಸೆಟೆರೋ ಎಂಬ ಲ್ಯಾಬಿನ ವಿಷಯದಲ್ಲಿ 2011ರಲ್ಲಿ ಎಫ್‌ಡಿಎ ಹೇಳಿದ್ದು ಇದನ್ನೇ. ದಾಖಲೆಯಲ್ಲಿ ಇಂಥವರು ಇಂಥ ದಿನ ಪರೀಕ್ಷೆ ಮಾಡಿದರು ಅಂತಿದೆ, ಆ ಹೊತ್ತಿನಲ್ಲಿ ಅವರು ಲ್ಯಾಬಿನಲ್ಲೇ ಇರಲಿಲ್ಲ. ಒಂದೆರಡು ಸಲವಲ್ಲ, 1,900 ಸಲ.

ಆಮೇಲೆ ಸರದಿ ಬೆಂಗಳೂರಿನದು. ಸೆಮ್ಲರ್ ರಿಸರ್ಚ್ ಸೆಂಟರ್ ಎಂಬ ಸಂಸ್ಥೆಯನ್ನು 2015ರಲ್ಲಿ ಎಫ್‌ಡಿಎ ತಪಾಸಣೆ ಮಾಡಿತು, ವಿಶ್ವ ಆರೋಗ್ಯ ಸಂಸ್ಥೆಯೂ ಮಾಡಿತು. 2016ರ ಏಪ್ರಿಲ್‌ನಲ್ಲಿ ಎಫ್‌ಡಿಎ ಹೇಳಿದ್ದು: ವಾಲಂಟಿಯರ್‌ಗಳ ಮಾದರಿಗಳನ್ನು ಬದಲಾಯಿಸಲಾಗಿದೆ, ತಿರುಚಲಾಗಿದೆ. ಅಲ್ಲಿ ನಡೆದ ಅಧ್ಯಯನಗಳನ್ನು ಒಪ್ಪಲಾಗದು. ಅದೇ ಜುಲೈನಲ್ಲಿ ಯುರೋಪಿನ ಔಷಧಿ ಸಂಸ್ಥೆ, ಅಲ್ಲಿಯ ಅಂಕಿಅಂಶ ನಂಬಿ ಅನುಮತಿ ಪಡೆದಿದ್ದ ಹಲವು ಔಷಧಿಗಳನ್ನು ಅಮಾನತಿನಲ್ಲಿಡಲು ಶಿಫಾರಸು ಮಾಡಿತು.

ಇಲ್ಲಿ ಯಂತ್ರದ್ದು ಏನೂ ತಪ್ಪಿಲ್ಲ ಅನ್ನೋದೇ ವಿಚಿತ್ರ. ಟ್ಯೂಬಿನಲ್ಲಿ ಯಾರ ಪ್ಲಾಸ್ಮಾ ಇದೆ ಅಂತ ಅದಕ್ಕೆ ಗೊತ್ತಾಗೋ ದಾರಿಯೇ ಇಲ್ಲ. ಇದ್ದದ್ದನ್ನು ನ್ಯಾನೋಗ್ರಾಂ ಲೆಕ್ಕದಲ್ಲಿ ಕರಾರುವಾಕ್ಕಾಗಿ ಅಳೆದುಕೊಡುತ್ತೆ. ಇಂಥ ಮೋಸ ಹುಡುಕೋಕೆ ತಪಾಸಣೆಯವರು ಮನುಷ್ಯರ ಮೈಯ ಒಂದು ಗುಣವನ್ನು ನೆಚ್ಚಿಕೊಳ್ತಾರೆ. ಇಬ್ಬರ ಮೈ ಒಂದೇ ಔಷಧಿಯನ್ನು ಒಂದೇ ಥರ ಹೀರೋದಿಲ್ಲ, ಒಬ್ಬರ ಗ್ರಾಫ್ ಬೇಗ ಏರುತ್ತೆ, ಇನ್ನೊಬ್ಬರದ್ದು ಮೆಲ್ಲಗೆ ಇಳಿಯುತ್ತೆ. ಇಬ್ಬರ ಗ್ರಾಫ್ ಒಂದರ ಮೇಲೊಂದು ಇಟ್ಟಾಗ ಗೆರೆ ಗೆರೆಯೂ ಕೂಡಿಬಂದರೆ, ಅದು ಇಬ್ಬರಲ್ಲ, ಒಬ್ಬರ ರಕ್ತವೇ ಎರಡು ಟ್ಯೂಬಿಗೆ ಹೋಗಿದೆ ಅಂತ ಅನುಮಾನ ಬರಬೇಕು.

ಸೆಮ್ಲರ್ ಅಂಕಿಅಂಶ ಬಳಸಿದ್ದ ಕಂಪನಿಗಳಿಗೆ ಎಫ್‌ಡಿಎ ಹೇಳಿದ್ದು, ಬಯೋಈಕ್ವಿವಲೆನ್ಸ್ ಅಧ್ಯಯನಗಳನ್ನು ಬೇರೆ ಕಡೆ ಮತ್ತೆ ಮಾಡಿಸಿ ಅಂತ. ಅಂದರೆ ಹೊಸ ವಾರ್ಡು, ಹೊಸ ವಾಲಂಟಿಯರ್‌ಗಳು, ಖಾಲಿ ಹೊಟ್ಟೆಯಲ್ಲಿ ಅದೇ ಮಾತ್ರೆ, ಅರ್ಧ ಗಂಟೆಗೆ ಮೊದಲ ಟ್ಯೂಬು. ಮೊದಲ ಸಲ ರಕ್ತ ಕೊಟ್ಟವರ ಟ್ಯೂಬುಗಳಲ್ಲಿ ಯಾವುದು ಯಾರದ್ದಾಗಿತ್ತು ಅಂತ ಆ ವಾಲಂಟಿಯರ್‌ಗಳಿಗೆ ಯಾರೂ ಹೇಳುವ ಪದ್ಧತಿ ಇಲ್ಲ.